ಕಾರ್ಯಾಗಾರದಿಂದ ತರಗತಿಯವರೆಗೆ: ಕಾಲೇಜು ಅಧ್ಯಾಪಕರಿಗೆ ತರಬೇತಿ, ಕೋಚಿಂಗ್ ಮತ್ತು ಬೆಂಬಲ ಕೊಡುವ ಸಮಗ್ರ ಮಾರ್ಗದರ್ಶಿ

ಎರಡು ದಿನದ ಕಾರ್ಯಾಗಾರ ಚೆನ್ನಾಗಿಯೇ ನಡೆದಿರುತ್ತದೆ. ಬಂದವರು ಆಸಕ್ತಿಯಿಂದ ಕೇಳಿರುತ್ತಾರೆ, ಟಿಪ್ಪಣಿ ಮಾಡಿಕೊಂಡಿರುತ್ತಾರೆ, ಅಭಿಪ್ರಾಯ ಪತ್ರದಲ್ಲಿ ಒಳ್ಳೆಯ ಮಾತನ್ನೇ ಬರೆದಿರುತ್ತಾರೆ. ಆದರೂ ಮುಂದಿನ ವಾರ ಪಾಠ ಹಿಂದಿನಂತೆಯೇ ಸಾಗುತ್ತದೆ. ಇದಕ್ಕೆ ಅಧ್ಯಾಪಕರ ಉದಾಸೀನ ಕಾರಣವಲ್ಲ. ಸಭಾಂಗಣದಲ್ಲಿ ಕಲಿತದ್ದನ್ನು ತಮ್ಮ ವಿಷಯಕ್ಕೆ, ತಮ್ಮ ಎಂಬತ್ತು ವಿದ್ಯಾರ್ಥಿಗಳ ತರಗತಿಗೆ, ಐವತ್ತೈದು ನಿಮಿಷದ ಪಿರಿಯಡ್‌ಗೆ ಹೊಂದಿಸಿಕೊಳ್ಳುವ ಕೆಲಸವಿದೆಯಲ್ಲ, ಅದೇ ನಿಜವಾದ ಕಷ್ಟ. ಆ ಹೊತ್ತಿಗೆ ಅವರ ಜೊತೆ ಯಾರೂ ಇರುವುದಿಲ್ಲ. ಶಾಲಾ ಶಿಕ್ಷಕರ ತರಬೇತಿಯನ್ನು ಅಧ್ಯಯನ ಮಾಡಿದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ 1980ರ ದಶಕದಲ್ಲೇ ಇದನ್ನು ಹೇಳಿದ್ದರು: ಉಪನ್ಯಾಸ, ಪ್ರಾತ್ಯಕ್ಷಿಕೆ, ಅಭ್ಯಾಸ ಎಲ್ಲ ಇದ್ದರೂ ತರಗತಿಯಲ್ಲಿ ಜೊತೆಗೊಬ್ಬರು ನಿಲ್ಲದಿದ್ದರೆ ಕಲಿತದ್ದು ಪಾಠಕ್ಕೆ ಇಳಿಯುವುದು ಬಹಳ ಕಡಿಮೆ. ಕಾಲೇಜಿನ ಪರಿಸ್ಥಿತಿಯೂ ಬೇರೆಯಲ್ಲ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕಾರ್ಯಾಗಾರಕ್ಕೆ ಕಡಿಮೆ ಜಾಗ, ಅದರ ನಂತರದ ಕೆಲಸಕ್ಕೆ ಹೆಚ್ಚು ಜಾಗ. ಕಾಲೇಜಿನಲ್ಲಿ ಅಧ್ಯಾಪಕರ ತರಬೇತಿಯ ಹೊಣೆ ಹೊತ್ತವರಿಗೆ ಇದು ಒಂದು ಸೆಮಿಸ್ಟರ್‌ನ ಕೆಲಸದ ನಕ್ಷೆ.

1. ಮೊದಲು ಒಂದು ಪುಟದ ಒಪ್ಪಂದ

ಬೆಂಬಲ ಬೇರೆ, ಮೌಲ್ಯಮಾಪನ ಬೇರೆ. ಇವೆರಡೂ ಒಂದೇ ಕೈಯಲ್ಲಿದ್ದರೆ ಯೋಜನೆ ಮೊದಲ ತಿಂಗಳಲ್ಲೇ ಕೆಡುತ್ತದೆ. ತನ್ನ ಬಡ್ತಿಯನ್ನು ನಿರ್ಧರಿಸುವವರ ಮುಂದೆ ಯಾವ ಅಧ್ಯಾಪಕರೂ ತಮಗೆ ಬಾರದ ಪಾಠವನ್ನು ತೋರಿಸುವುದಿಲ್ಲ. ಚೆನ್ನಾಗಿ ರೂಢಿಯಾದ ಪಾಠವನ್ನೇ ಆರಿಸಿ ತೋರಿಸುತ್ತಾರೆ. ನೋಡಬೇಕಾದದ್ದು ಮರೆಯಲ್ಲೇ ಉಳಿಯುತ್ತದೆ.

ಹಾಗಾಗಿ ಕೆಲಸ ಶುರುವಾಗುವ ಮೊದಲೇ ಒಂದು ಪುಟದ ಒಪ್ಪಂದ ಬರೆದು ಪ್ರಾಂಶುಪಾಲರ ಸಹಿ ಹಾಕಿಸಿ. ಅದರಲ್ಲಿ ಇಷ್ಟಿರಲಿ:

- ಭಾಗವಹಿಸುವುದು ಅಧ್ಯಾಪಕರ ಇಚ್ಛೆ. ನಡುವೆ ಬಿಟ್ಟರೆ ಕಾರಣ ಕೇಳುವಂತಿಲ್ಲ.
- ತರಗತಿ ವೀಕ್ಷಣೆಯ ಟಿಪ್ಪಣಿ ಅಧ್ಯಾಪಕರ ಸ್ವತ್ತು. ಅದರ ಪ್ರತಿ ಕಚೇರಿಯ ಕಡತಕ್ಕೆ ಹೋಗುವುದಿಲ್ಲ.
- ಆಡಳಿತಕ್ಕೆ ಹೋಗುವುದು ಭಾಗವಹಿಸಿದವರ ಸಂಖ್ಯೆ, ಗಂಟೆ, ಭೇಟಿಗಳಂಥ ಒಟ್ಟು ಲೆಕ್ಕ ಮಾತ್ರ.
- ವಿದ್ಯಾರ್ಥಿಯ ಸುರಕ್ಷತೆ, ಕಿರುಕುಳ ಇಂಥವು ಕಣ್ಣಿಗೆ ಬಿದ್ದರೆ ಗೋಪ್ಯತೆ ಅನ್ವಯಿಸುವುದಿಲ್ಲ. ಇದನ್ನು ಅಧ್ಯಾಪಕರಿಗೂ ಮೊದಲೇ ತಿಳಿಸಲಾಗುತ್ತದೆ.

ಕೊನೆಯ ಅಂಶವನ್ನು ಮುಜುಗರದಿಂದ ಬಿಟ್ಟುಬಿಡುವವರಿದ್ದಾರೆ. ಬಿಡಬೇಡಿ. ಅಂಥ ಸಂದರ್ಭ ಎದುರಾದ ಮೇಲೆ ನಿಯಮ ಹುಡುಕುವುದು ಎಲ್ಲರಿಗೂ ಅನ್ಯಾಯ.

ಒಪ್ಪಂದದ ನಿಜವಾದ ಪರೀಕ್ಷೆ ನಡೆಯುವುದು ಕಾರಿಡಾರಿನಲ್ಲಿ. ವಿಭಾಗ ಮುಖ್ಯಸ್ಥರು ಎದುರು ಸಿಕ್ಕಾಗ "ನಮ್ಮ ಹೊಸಬರ ಪಾಠ ನೋಡಿದ್ರಂತೆ, ಹೇಗಿದೆ?" ಎಂದು ಸಹಜವಾಗಿ ಕೇಳುತ್ತಾರೆ. "ಚೆನ್ನಾಗಿದೆ ಸರ್" ಎಂದರೂ ಒಪ್ಪಂದ ಮುರಿದಂತೆಯೇ. ಇಂದು ಒಬ್ಬರ ಬಗ್ಗೆ 'ಚೆನ್ನಾಗಿದೆ' ಎಂದವರು ನಾಳೆ ಇನ್ನೊಬ್ಬರ ಬಗ್ಗೆ ಸುಮ್ಮನಾದರೆ ಆ ಮೌನಕ್ಕೂ ಅರ್ಥ ಹುಟ್ಟುತ್ತದೆ. ಎಲ್ಲರ ಬಗ್ಗೆಯೂ ಒಂದೇ ಉತ್ತರವಿರಲಿ: "ಅದನ್ನು ಅವರನ್ನೇ ಕೇಳಿ ಸರ್, ನಾನು ಹೇಳೋ ಹಾಗಿಲ್ಲ." ಬಡ್ತಿಗೆ ಪತ್ರ ಕೇಳಿದವರಿಗೂ ಯಾವ ಯಾವ ಕಾರ್ಯಕ್ರಮದಲ್ಲಿ ಎಷ್ಟು ಗಂಟೆ ಭಾಗವಹಿಸಿದರು ಎಂಬುದನ್ನಷ್ಟೇ ಬರೆದುಕೊಡಿ, ಪಾಠದ ಗುಣಮಟ್ಟದ ಬಗ್ಗೆ ಒಂದು ವಾಕ್ಯವೂ ಬೇಡ.

2. ಕೋಚ್ ಯಾರಾಗಬೇಕು, ಎಷ್ಟು ಮಂದಿಯನ್ನು ನೋಡಿಕೊಳ್ಳಬಹುದು

ಇಲ್ಲಿ ಕೋಚ್ ಅಂದರೆ ತರಗತಿಗೆ ಬಂದು ಪಾಠ ನೋಡಿ, ಆಮೇಲೆ ಅದರ ಬಗ್ಗೆ ಅಧ್ಯಾಪಕರ ಜೊತೆ ಕೂತು ಮಾತನಾಡುವ ಸಹೋದ್ಯೋಗಿ. ಒಳ್ಳೆಯ ಕೋಚ್ ಕಾಲೇಜಿನ ಅತ್ಯುತ್ತಮ ಉಪನ್ಯಾಸಕರೇ ಆಗಬೇಕೆಂದಿಲ್ಲ. ಅದ್ಭುತವಾಗಿ ಪಾಠ ಮಾಡುವ ಕೆಲವರಿಗೆ ತಮ್ಮ ದಾರಿ ಬಿಟ್ಟು ಬೇರೆಯದು ಕಾಣುವುದೇ ಇಲ್ಲ. ನೋಡಿದ್ದನ್ನು ನೋಡಿದ ಹಾಗೆ ಬರೆಯಬಲ್ಲವರು, ಎದುರಿನವರು ಯೋಚಿಸುವಾಗ ಬಾಯಿ ಹಾಕದೆ ಕೂರಬಲ್ಲವರು, ಸಹೋದ್ಯೋಗಿಗಳ ಗೌರವ ಗಳಿಸಿದವರು ಸಾಕು. ಬೇರೆ ವಿಭಾಗದವರಾದರೆ ಇನ್ನೂ ಒಳ್ಳೆಯದು. ವಿಷಯ ಗೊತ್ತಿರುವವರು ಪಠ್ಯದ ತಪ್ಪು ಹುಡುಕತೊಡಗುತ್ತಾರೆ. ಗೊತ್ತಿಲ್ಲದವರು ವಿದ್ಯಾರ್ಥಿಗಳ ಜಾಗದಲ್ಲಿ ಕೂತು, ಎಲ್ಲಿ ಎಳೆ ತಪ್ಪಿತು ಎಂಬುದನ್ನು ಗುರುತಿಸುತ್ತಾರೆ.

ಸಮಯದ ಲೆಕ್ಕವನ್ನು ಮೊದಲೇ ಹಾಕಿ. ಒಂದು ಸುತ್ತಿಗೆ ಮುಂಚಿನ ಮಾತುಕತೆ 30 ನಿಮಿಷ, ತರಗತಿ ವೀಕ್ಷಣೆ 60 ನಿಮಿಷ, ಟಿಪ್ಪಣಿ ಸರಿಪಡಿಸಲು 45 ನಿಮಿಷ, ನಂತರದ ಮಾತುಕತೆ 45 ನಿಮಿಷ. ಒಟ್ಟು ಮೂರು ಗಂಟೆ. ಸೆಮಿಸ್ಟರ್‌ಗೆ ಒಬ್ಬರಿಗೆ ಎರಡು ಸುತ್ತು, ಜೊತೆಗೆ ಮಧ್ಯಾವಧಿ ವಿದ್ಯಾರ್ಥಿ ಅಭಿಪ್ರಾಯಕ್ಕೆ ಎರಡು ಗಂಟೆ ಅಂದರೆ ಎಂಟು ಗಂಟೆ. ಕೋಚ್‌ಗೆ ವಾರಕ್ಕೆ ನಾಲ್ಕು ಗಂಟೆ ಬಿಡುವು ಕೊಟ್ಟರೆ 14 ವಾರಕ್ಕೆ 56 ಗಂಟೆ. ಕಾಗದದ ಮೇಲೆ ಏಳು ಮಂದಿ ಬರುತ್ತಾರೆ, ಆದರೆ ಪರೀಕ್ಷೆ, ರಜೆ, ತಪ್ಪಿದ ಭೇಟಿಗಳನ್ನು ಕಳೆದರೆ ಐದು ಮಂದಿಯೇ ಸರಿಯಾದ ಸಂಖ್ಯೆ. ಈ ನಾಲ್ಕು ಗಂಟೆ ಟೈಮ್‌ಟೇಬಲ್‌ನಲ್ಲಿ ವರ್ಕ್‌ಲೋಡ್ ಎಂದೇ ನಮೂದಾಗಬೇಕು. 'ಬಿಡುವಿದ್ದಾಗ ಮಾಡಿ' ಎಂದು ಬಿಟ್ಟರೆ ಆರನೇ ವಾರಕ್ಕೆ ಕೆಲಸ ನಿಲ್ಲುತ್ತದೆ.

3. ಅಗತ್ಯ ಯಾವುದು ಎಂದು ಕಂಡುಹಿಡಿಯುವುದು

'ನಿಮಗೆ ಯಾವ ವಿಷಯದಲ್ಲಿ ತರಬೇತಿ ಬೇಕು?' ಎಂಬ ಗೂಗಲ್ ಫಾರ್ಮ್ ಕಳಿಸಿದರೆ ಆ ವರ್ಷ ಎಲ್ಲರ ಬಾಯಲ್ಲಿರುವ ಹೆಸರುಗಳೇ ಉತ್ತರವಾಗಿ ಬರುತ್ತವೆ. ಕೃತಕ ಬುದ್ಧಿಮತ್ತೆ, ಸಂಶೋಧನಾ ಲೇಖನ, ಒತ್ತಡ ನಿರ್ವಹಣೆ. ಪಾಠ ಎಲ್ಲಿ ಎಡವುತ್ತಿದೆ ಎಂಬುದು ಅದರಲ್ಲಿ ಕಾಣುವುದಿಲ್ಲ.

ಅದರ ಬದಲು ಉತ್ತರಪತ್ರಿಕೆಗಳನ್ನು ತೆಗೆದುಕೊಂಡು ಅಧ್ಯಾಪಕರ ಜೊತೆ ಒಂದು ಗಂಟೆ ಕೂರಿ. ಇಪ್ಪತ್ತು ಪತ್ರಿಕೆ ಸಾಕು: ಹೆಚ್ಚು ಅಂಕದ ಐದು, ಮಧ್ಯದ ಹತ್ತು, ಕೆಳಗಿನ ಐದು. ಮಧ್ಯದ ಹತ್ತರಲ್ಲಿ ಯಾವ ಪ್ರಶ್ನೆಗೆ ಒಂದೇ ಬಗೆಯ ತಪ್ಪು ಪದೇ ಪದೇ ಬಂದಿದೆ ನೋಡಿ. ಆಮೇಲೆ ಎರಡು ಪ್ರಶ್ನೆ ಕೇಳಿ: "ಪ್ರತಿ ವರ್ಷ ಎರಡನೇ ಸಲ ಹೇಳಿಕೊಡಬೇಕಾಗಿ ಬರುವ ಭಾಗ ಯಾವುದು?" "ಯಾವ ಪಿರಿಯಡ್‌ಗೆ ಹೋಗುವಾಗ ಮನಸ್ಸು ಭಾರವಾಗುತ್ತದೆ?" ಈ ಮೂರೂ ಕಡೆ ಒಂದೇ ಜಾಗ ಕಾಣಿಸಿಕೊಂಡರೆ ಕೆಲಸ ಅಲ್ಲಿಂದ ಶುರು. 'ವಿದ್ಯಾರ್ಥಿಗಳಿಗೆ ಆಸಕ್ತಿಯಿಲ್ಲ' ಎಂಬ ದೊಡ್ಡ ಮಾತು ಹೀಗೆ 'ಮೂರನೇ ಘಟಕದ ಲೆಕ್ಕದಲ್ಲಿ ಯಾವ ಸೂತ್ರ ಹಾಕಬೇಕೆಂದು ಆರಿಸಲು ಬರುವುದಿಲ್ಲ' ಎಂಬಷ್ಟು ಸಣ್ಣದಾಗಬೇಕು. ಸಣ್ಣದಾದದ್ದನ್ನು ಮಾತ್ರ ಸರಿಪಡಿಸಬಹುದು.

4. ಕಾರ್ಯಾಗಾರ: ಮೂರು ಗಂಟೆ, ಒಂದೇ ವಿಧಾನ

ಒಂದು ಕಾರ್ಯಾಗಾರದಲ್ಲಿ ಒಂದೇ ವಿಧಾನ ಕಲಿಸಿ. ಏಳು ವಿಧಾನ ತೋರಿಸಿದರೆ ಒಂದೂ ತರಗತಿಗೆ ಹೋಗುವುದಿಲ್ಲ. 12ರಿಂದ 24 ಮಂದಿ ಇರಲಿ. ಒಂದು ವಿಭಾಗದಿಂದ ಒಬ್ಬರೇ ಬರುವುದು ಬೇಡ, ಇಬ್ಬರು ಬರಲಿ. ಒಂಟಿಯಾಗಿ ಬಂದವರಿಗೆ ಸ್ಟಾಫ್ ರೂಮಿಗೆ ಮರಳಿದ ಮೇಲೆ ಮಾತನಾಡಲು ಯಾರೂ ಸಿಗುವುದಿಲ್ಲ.

ಸಮಯ ಹಂಚಿಕೆ ಹೀಗಿರಲಿ. ಮೊದಲ 10 ನಿಮಿಷ ಪ್ರತಿಯೊಬ್ಬರೂ ತಾವು ತಂದ ಕಷ್ಟದ ಭಾಗವನ್ನು ಒಂದು ಸಾಲಿನಲ್ಲಿ ಬರೆಯುತ್ತಾರೆ. 20 ನಿಮಿಷ ಪ್ರಾತ್ಯಕ್ಷಿಕೆ: ಇಲ್ಲಿ ಬಂದವರೇ ವಿದ್ಯಾರ್ಥಿಗಳು. 15 ನಿಮಿಷ ಆ ಪಾಠವನ್ನು ಬಿಡಿಸಿ ನೋಡುವುದು, ಯಾವ ಹಂತ ಏಕೆ ಇತ್ತು ಎಂದು. 45 ನಿಮಿಷ ತಮ್ಮ ಮುಂದಿನ ವಾರದ ಪಾಠಕ್ಕೆ ಬರೆಯುವುದು. 10 ನಿಮಿಷ ವಿರಾಮ. 50 ನಿಮಿಷ ಮೂವರ ಗುಂಪಿನಲ್ಲಿ ಅಭ್ಯಾಸ: ಒಬ್ಬೊಬ್ಬರಿಗೆ 7 ನಿಮಿಷ ಪಾಠ, 8 ನಿಮಿಷ ಮಾತು. 20 ನಿಮಿಷ ಬದ್ಧತೆಯ ಚೀಟಿ: ಯಾವ ದಿನ, ಯಾವ ತರಗತಿ, ಏನು ಮಾಡುತ್ತೇನೆ, ನೋಡಲು ಯಾರು ಬರುತ್ತಾರೆ. ಉಳಿದ ಹತ್ತು ನಿಮಿಷ ಹೇಗಿದ್ದರೂ ತಡವಾಗಿ ಶುರುವಾಗುವುದಕ್ಕೆ ಹೋಗುತ್ತದೆ. ಸಮಯ ಕಡಿಮೆ ಬಿದ್ದಾಗ ಸಂಘಟಕರು ಮೊದಲು ಕತ್ತರಿಸುವುದು ಆ 45 ನಿಮಿಷದ ಬರವಣಿಗೆಯನ್ನು. ಕತ್ತರಿಸಲೇಬಾರದ ಭಾಗ ಅದೇ, ಏಕೆಂದರೆ ಬರೆದು ಮುಗಿಸದವರು ತರಗತಿಯಲ್ಲಿ ಪ್ರಯೋಗಿಸುವುದಿಲ್ಲ.

ಯಾವ ವಿಧಾನದಿಂದ ಶುರು ಮಾಡಬೇಕೆಂದು ತಿಳಿಯದಿದ್ದರೆ, ಎರಿಕ್ ಮಜೂರ್ ಹಾರ್ವರ್ಡ್ ವಿಶ್ವವಿದ್ಯಾಲಯದ ಭೌತವಿಜ್ಞಾನ ತರಗತಿಯಲ್ಲಿ 1990ರ ದಶಕದ ಆರಂಭದಲ್ಲಿ ರೂಪಿಸಿದ ಸಹಪಾಠಿ ಬೋಧನೆ ಒಳ್ಳೆಯ ಆಯ್ಕೆ. ದೊಡ್ಡ ತರಗತಿಗೂ ಹೊಂದುತ್ತದೆ, ಬೆಂಚು ಅಲುಗಾಡಿಸಬೇಕಿಲ್ಲ. ಪರಿಕಲ್ಪನೆಯ ಮೇಲೆ ಒಂದು ಬಹು ಆಯ್ಕೆ ಪ್ರಶ್ನೆ ಕೊಡಿ. ಒಂದೆರಡು ನಿಮಿಷ ಒಬ್ಬೊಬ್ಬರೇ ಯೋಚಿಸಿ ಮತ ಹಾಕಲಿ. ಎ, ಬಿ, ಸಿ, ಡಿ ಬರೆದ ಕಾರ್ಡು ಎದೆಯ ಮಟ್ಟಕ್ಕೆ ಹಿಡಿದರೆ ಸಾಕು, ಯಂತ್ರ ಬೇಕಿಲ್ಲ. ಸರಿ ಉತ್ತರ ಶೇ 30ಕ್ಕಿಂತ ಕಡಿಮೆ ಇದ್ದರೆ ಆ ಭಾಗವನ್ನು ಮತ್ತೆ ಹೇಳಿಕೊಡಿ. ಶೇ 70 ದಾಟಿದ್ದರೆ ಚುಟುಕಾಗಿ ವಿವರಿಸಿ ಮುಂದೆ ಹೋಗಿ. ನಡುವೆ ಇದ್ದರೆ ಎರಡು ಮೂರು ನಿಮಿಷ ಪಕ್ಕದವರೊಡನೆ ಚರ್ಚಿಸಿ ಮತ್ತೆ ಮತ ಹಾಕಲಿ, ಆಮೇಲೆ ವಿವರಣೆ. ಮೊದಲ ಮತದ ಫಲಿತಾಂಶವನ್ನು ಬಾಯಿಬಿಟ್ಟು ಹೇಳಬಾರದು. ಹೇಳಿದರೆ ಬಹುಮತದ ಕಡೆಗೆ ಎಲ್ಲರೂ ವಾಲುತ್ತಾರೆ, ಚರ್ಚೆ ಸಾಯುತ್ತದೆ. ತಪ್ಪು ಆಯ್ಕೆಗಳನ್ನು ನೀವೇ ಊಹಿಸಿ ಬರೆಯಬೇಡಿ. ಮೂರನೇ ಹಂತದಲ್ಲಿ ನೋಡಿದ ಉತ್ತರಪತ್ರಿಕೆಗಳ ತಪ್ಪುಗಳೇ ಇಲ್ಲಿ ಆಯ್ಕೆಗಳಾಗಬೇಕು.

ಇದೆಲ್ಲ ಬೇಕೇ, ಸಿಲಬಸ್ ಯಾವಾಗ ಮುಗಿಯುತ್ತದೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ನ್ಯಾಯವಾದ ಪ್ರಶ್ನೆ, ಆಧಾರ ಕೊಟ್ಟೇ ಉತ್ತರಿಸಿ. ವಿಜ್ಞಾನ, ಗಣಿತ, ಎಂಜಿನಿಯರಿಂಗ್ ತರಗತಿಗಳ 225 ಅಧ್ಯಯನಗಳನ್ನು ಒಟ್ಟುಗೂಡಿಸಿ 2014ರಲ್ಲಿ ಪ್ರಕಟವಾದ ವಿಶ್ಲೇಷಣೆಯಲ್ಲಿ, ಬರೀ ಉಪನ್ಯಾಸದ ತರಗತಿಗಳಲ್ಲಿ ಅನುತ್ತೀರ್ಣರಾದವರ ಸರಾಸರಿ ಸುಮಾರು ಶೇ 34, ವಿದ್ಯಾರ್ಥಿಗಳನ್ನು ತೊಡಗಿಸಿದ ತರಗತಿಗಳಲ್ಲಿ ಸುಮಾರು ಶೇ 22 ಇತ್ತು. ಇದರ ಜೊತೆಗೆ ಎಚ್ಚರಿಕೆಯ ಮಾತೊಂದನ್ನೂ ಹೇಳಬೇಕು. ಹಾರ್ವರ್ಡ್‌ನಲ್ಲೇ ನಡೆದು 2019ರಲ್ಲಿ ಪ್ರಕಟವಾದ ಭೌತವಿಜ್ಞಾನ ತರಗತಿಯ ಪ್ರಯೋಗದಲ್ಲಿ, ತೊಡಗಿಸಿಕೊಂಡು ಕಲಿತವರು ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದರೂ ತಾವು ಕಡಿಮೆ ಕಲಿತೆವೆಂದೇ ಭಾವಿಸಿದ್ದರು. ಹೊಸ ವಿಧಾನ ಶುರು ಮಾಡಿದ ಎರಡನೇ ವಾರಕ್ಕೆ "ನೀವೇ ಪಾಠ ಮಾಡಿ ಮೇಡಂ" ಎಂದು ವಿದ್ಯಾರ್ಥಿಗಳು ಗೊಣಗುವುದು ಇದೇ ಕಾರಣಕ್ಕೆ. ಬಹುಪಾಲು ಅಧ್ಯಾಪಕರು ಕೈಬಿಡುವುದೂ ಆ ವಾರದಲ್ಲೇ. ಮೊದಲ ದಿನವೇ ತರಗತಿಯಲ್ಲಿ ಈ ಪ್ರಯೋಗದ ಬಗ್ಗೆ ಐದು ನಿಮಿಷ ಮಾತನಾಡಲು ಹೇಳಿ, ಕೋಚ್‌ನ ಮೊದಲ ಭೇಟಿಯೂ ಆ ಎರಡನೇ ವಾರಕ್ಕೇ ಬೀಳುವಂತೆ ನೋಡಿಕೊಳ್ಳಿ.

5. ಕೋಚಿಂಗ್ ಸುತ್ತು: ಇಡೀ ಯೋಜನೆಯ ಜೀವ ಇಲ್ಲಿದೆ

*ಮುಂಚಿನ ಮಾತುಕತೆ.* ತರಗತಿಗೆ ಒಂದೆರಡು ದಿನ ಮೊದಲು, ಅಧ್ಯಾಪಕರ ಜಾಗದಲ್ಲೇ. ಕೇಳಬೇಕಾದದ್ದು ಇಷ್ಟೇ: ಅಂದಿನ ಪಾಠ ಯಾವುದು, ಪಿರಿಯಡ್ ಮುಗಿದಾಗ ವಿದ್ಯಾರ್ಥಿಗಳಿಗೆ ಏನು ಮಾಡಲು ಬರಬೇಕು, ನಾನು ಯಾವುದನ್ನು ಗಮನಿಸಿ ಬರೆದುಕೊಳ್ಳಲಿ, ಎಲ್ಲಿ ಕೂರಲಿ. ಮೂರನೆಯದಕ್ಕೆ "ಎಲ್ಲಾನೂ ನೋಡಿ, ಏನಾದ್ರೂ ತಪ್ಪಿದ್ರೆ ಹೇಳಿ" ಎಂಬ ಉತ್ತರ ಬರುತ್ತದೆ. ಒಪ್ಪಿಕೊಳ್ಳಬೇಡಿ. ಪ್ರಶ್ನೆ ಕೇಳುವ ಬಗೆಯೋ, ಹಿಂದಿನ ಬೆಂಚಿನವರು ಏನು ಮಾಡುತ್ತಿದ್ದಾರೆಂಬುದೋ, ಬೋರ್ಡಿನ ಬಳಕೆಯೋ, ಒಂದನ್ನು ಅವರೇ ಆರಿಸಲಿ. ಎಲ್ಲವನ್ನೂ ನೋಡಲು ಹೋದವರು ಕೊನೆಗೆ ತಮ್ಮ ಇಷ್ಟಾನಿಷ್ಟವನ್ನು ಬರೆದುಕೊಂಡು ಬರುತ್ತಾರೆ.

*ವೀಕ್ಷಣೆ.* ಐದು ನಿಮಿಷ ಮುಂಚೆ ಹೋಗಿ. ವಿದ್ಯಾರ್ಥಿಗಳು ಏನು ಮಾಡುತ್ತಿದ್ದಾರೆಂದು ಕಾಣುವಂತೆ ಪಕ್ಕದ ಸಾಲಿನ ಹಿಂಭಾಗದಲ್ಲಿ ಕೂರಿ. "ಇವರು ನನ್ನ ಪಾಠ ನೋಡೋಕೆ ಬಂದಿದ್ದಾರೆ, ನಿಮ್ಮನ್ನಲ್ಲ" ಎಂದು ಅಧ್ಯಾಪಕರೇ ಒಂದು ಮಾತು ಹೇಳಲಿ. ಇಲ್ಲದಿದ್ದರೆ ತರಗತಿ ಅರ್ಧ ಗಂಟೆ ಬಿಗಿದುಕೊಂಡೇ ಇರುತ್ತದೆ.

ಹಾಳೆಯಲ್ಲಿ ಮೂರು ಕಾಲಂ ಹಾಕಿಕೊಳ್ಳಿ: ಸಮಯ, ಅಧ್ಯಾಪಕರು ಏನು ಮಾಡಿದರು, ವಿದ್ಯಾರ್ಥಿಗಳು ಏನು ಮಾಡಿದರು. ಎರಡೆರಡು ನಿಮಿಷಕ್ಕೊಮ್ಮೆ ಗುರುತು ಹಾಕುತ್ತ ಹೋಗಿ. ವಿಜ್ಞಾನ ತರಗತಿಗಳಿಗಾಗಿ 2013ರಲ್ಲಿ ಪ್ರಕಟವಾದ ಕೋಪಸ್ ಎಂಬ ವೀಕ್ಷಣಾ ಪದ್ಧತಿಯೂ ಎರಡು ನಿಮಿಷದ ಅಂತರವನ್ನೇ ಬಳಸುತ್ತದೆ. ಆ ಅಂತರದಲ್ಲಿ ಬರೆಯಲೂ ಸಮಯ ಸಿಗುತ್ತದೆ, ಮುಖ್ಯವಾದದ್ದೂ ತಪ್ಪುವುದಿಲ್ಲ. ಗುಣವಾಚಕ ಒಂದೂ ಬೇಡ. 'ಚೆನ್ನಾಗಿ ವಿವರಿಸಿದರು', 'ಗಲಾಟೆ ಇತ್ತು' ಎಂಬುದು ತೀರ್ಪು. 'ಹಿಂದಿನ ಎರಡು ಸಾಲಿನಲ್ಲಿ ಹತ್ತು ಮಂದಿಯ ನೋಟ್‌ಬುಕ್ ಮುಚ್ಚಿದೆ' ಎಂಬುದು ವೀಕ್ಷಣೆ.

ಅರ್ಥಶಾಸ್ತ್ರದ ತರಗತಿಯೊಂದರ ಹಾಳೆ ಹೇಗಿರಬಹುದು ಎಂಬುದಕ್ಕೆ ಮಾದರಿ ಇಲ್ಲಿದೆ. ಪ್ರಶ್ನೆ ಕೇಳುವ ಬಗೆಯನ್ನು ನೋಡಲು ಅಧ್ಯಾಪಕಿ ಕೇಳಿಕೊಂಡಿದ್ದಾರೆ ಎಂದಿಟ್ಟುಕೊಳ್ಳಿ.

10:12. "ಬೆಲೆ ಏರಿದರೆ ಬೇಡಿಕೆ ರೇಖೆಗೆ ಏನಾಗುತ್ತೆ?" ಸುಮಾರು ಒಂದು ಸೆಕೆಂಡ್. ಮುಂದಿನ ಬೆಂಚಿನಿಂದ: "ಎಡಕ್ಕೆ ಸರಿಯುತ್ತೆ."
10:13. "ಇಲ್ಲ, ರೇಖೆ ಸರಿಯಲ್ಲ, ಅದೇ ರೇಖೆ ಮೇಲೆ ಮೇಲಕ್ಕೆ ಹೋಗ್ತೀವಿ. ಅರ್ಥ ಆಯ್ತಾ?" ಹಲವು ದನಿ: "ಹೂಂ ಮೇಡಂ."
10:14. ಬೋರ್ಡಿನಲ್ಲಿ ಚಿತ್ರ. ಬರೆದುಕೊಳ್ಳುತ್ತಿದ್ದಾರೆ. ನನ್ನ ಪಕ್ಕದ ವಿದ್ಯಾರ್ಥಿ ಎಡಕ್ಕೆ ಸರಿದ ಎರಡನೇ ರೇಖೆಯನ್ನೇ ಬರೆದುಕೊಂಡ.
10:16. "ಹಾಗಾದ್ರೆ ಆದಾಯ ಏರಿದ್ರೆ?" ಒಂದು ಸೆಕೆಂಡ್. ಅದೇ ಮುಂದಿನ ಬೆಂಚು ಉತ್ತರಿಸಿತು.

ಹಾಳೆಯ ಕೊನೆಯಲ್ಲಿ ಎಣಿಕೆ: ಒಟ್ಟು 9 ಪ್ರಶ್ನೆ, 7ಕ್ಕೆ ಉತ್ತರಿಸಿದ್ದು ಮುಂದಿನ ಬೆಂಚಿನ ಅದೇ ಮೂವರು, 'ಅರ್ಥ ಆಯ್ತಾ' 4 ಸಲ.

*ನಂತರದ ಮಾತುಕತೆ.* 48 ಗಂಟೆಯೊಳಗೆ ಆಗಲಿ. ವಾರ ಕಳೆದರೆ ಇಬ್ಬರಿಗೂ ಪಾಠ ನೆನಪಿರುವುದಿಲ್ಲ, ಅಭಿಪ್ರಾಯ ಮಾತ್ರ ಉಳಿದಿರುತ್ತದೆ. ಹಾಳೆಯನ್ನು ಅವರ ಕೈಗೆ ಕೊಟ್ಟು ಸುಮ್ಮನಿರಿ. ಮಾತು ಹೀಗೆ ಸಾಗಬಹುದು.

"ಮೇಡಂ, ಮೊದಲು ನೀವೇ ಓದಿ. ಏನು ಕಣ್ಣಿಗೆ ಬೀಳುತ್ತೆ ಹೇಳಿ."

"ಮೂರೇ ಜನ ಉತ್ತರ ಕೊಟ್ಟಿದ್ದಾರಾ? ನಂಗೆ ಇಡೀ ಕ್ಲಾಸು ಉತ್ತರ ಕೊಡ್ತಿದೆ ಅನಿಸಿತ್ತು."

"10:12ರ ಪ್ರಶ್ನೆ ನೋಡಿ. ಅದಕ್ಕೆ ಎಲ್ಲರ ಉತ್ತರ ಏನಿತ್ತು ಅಂತ ತಿಳಿಯೋಕೆ ಏನು ಮಾಡಬಹುದಿತ್ತು?"

"ಬರೆಸಬಹುದಿತ್ತು. ಒಂದು ನಿಮಿಷ ಎಲ್ಲರೂ ರೇಖೆ ಎಳೀರಿ ಅಂತ ಹೇಳಿ, ನಾನು ಓಡಾಡಿ ನೋಡಬಹುದಿತ್ತು."

ಇಲ್ಲಿ ಕೋಚ್ ತಮ್ಮ ಉಪಾಯ ಹೇಳಲಿಲ್ಲ ಎಂಬುದನ್ನು ಗಮನಿಸಿ. ಹೇಳಬಹುದಾದ ಜ್ಞಾನ ಅವರಲ್ಲಿದೆ. 1970ರ ದಶಕದಲ್ಲಿ ಮೇರಿ ಬಡ್ ರೋ ಶಾಲಾ ವಿಜ್ಞಾನ ತರಗತಿಗಳನ್ನು ಅಧ್ಯಯನ ಮಾಡಿ, ಶಿಕ್ಷಕರು ಪ್ರಶ್ನೆ ಕೇಳಿ ಕಾಯುವುದು ಸರಾಸರಿ ಒಂದು ಸೆಕೆಂಡ್ ಎಂದೂ, ಅದನ್ನು ಮೂರು ಸೆಕೆಂಡಿಗೆ ಏರಿಸಿದರೆ ಉತ್ತರ ಉದ್ದವಾಗುತ್ತದೆ, ಉತ್ತರಿಸುವವರು ಹೆಚ್ಚುತ್ತಾರೆ ಎಂದೂ ತೋರಿಸಿದ್ದರು. ಅದನ್ನು ಹೇಳುವ ಸಮಯ ಅಧ್ಯಾಪಕಿ ತಾವೇ ಸಮಸ್ಯೆಯನ್ನು ಕಂಡ ಮೇಲೆ. ಮೊದಲೇ ಹೇಳಿದರೆ ಅದು ಉಪದೇಶವಾಗುತ್ತದೆ.

ಮಾತುಕತೆಯ ಕೊನೆಗೆ ಒಂದೇ ಬದಲಾವಣೆ ಬರೆದುಕೊಳ್ಳಿ, ಅವರ ಕೈಬರಹದಲ್ಲೇ: 'ಮುಂದಿನ ಮೂರು ಪಾಠಗಳಲ್ಲಿ ಮುಖ್ಯ ಪ್ರಶ್ನೆಗೆ ಎಲ್ಲರೂ 60 ಸೆಕೆಂಡ್ ಬರೆಯುತ್ತಾರೆ, ನಾನು ಓಡಾಡುತ್ತೇನೆ, ಭಿನ್ನವಾದ ಎರಡು ಉತ್ತರ ಬೋರ್ಡಿಗೆ ಹಾಕುತ್ತೇನೆ.' ಎರಡನೇ ಭೇಟಿ ಎರಡು ಮೂರು ವಾರದೊಳಗೆ, ಅದೇ ಹಾಳೆ, ಅದೇ ಎಣಿಕೆ. ಒಂದು ಸಲ ಮಾತ್ರ ಹೋಗಿ ಬರುವುದಾದರೆ ಹೋಗದಿರುವುದೇ ಮೇಲು. ಮೊದಲ ಭೇಟಿ ಕೊರತೆಯನ್ನು ತೋರಿಸುತ್ತದೆ, ಸುಧಾರಣೆ ಕಣ್ಣಿಗೆ ಕಾಣುವುದು ಎರಡನೆಯದರಲ್ಲಿ.

ಈ ಸುತ್ತು ಕೆಡುವುದು ಸಾಮಾನ್ಯವಾಗಿ ಕೆಲವೇ ಬಗೆಯಲ್ಲಿ. ಹನ್ನೊಂದು ಸಲಹೆಗಳ ಪಟ್ಟಿ ಕೊಟ್ಟಾಗ ಅಧ್ಯಾಪಕರು ಅತಿ ಸುಲಭದ್ದನ್ನು, ಅಂದರೆ ಬೋರ್ಡಿನ ಅಕ್ಷರ ದೊಡ್ಡದು ಮಾಡುವುದನ್ನು, ಆರಿಸಿಕೊಂಡು ಉಳಿದದ್ದನ್ನು ಬಿಡುತ್ತಾರೆ. "ನಾನಾಗಿದ್ರೆ ಹೀಗೆ ಮಾಡ್ತಿದ್ದೆ" ಎಂಬ ಮಾತು ಬಂತೆಂದರೆ ಸಹೋದ್ಯೋಗಿ ಮೇಲ್ವಿಚಾರಕರಾಗಿಬಿಟ್ಟರು ಎಂದರ್ಥ. ಹೊಗಳಿಕೆಯಿಂದ ಶುರು ಮಾಡಿ, ನಡುವೆ ದೋಷ ಹೇಳಿ, ಮತ್ತೆ ಹೊಗಳಿಕೆಯಿಂದ ಮುಗಿಸುವ ರೂಢಿಯೂ ಕೆಲಸಕ್ಕೆ ಬಾರದು. ವರ್ಷಗಟ್ಟಲೆ ಪಾಠ ಮಾಡಿದವರು ಆ ನಡುವಿನ ಮಾತಿಗಾಗಿಯೇ ಕಾಯುತ್ತ ಕೂತಿರುತ್ತಾರೆ.

ಎರಡನೇ ಭೇಟಿಗೆ ಕೋಚ್ ಬರಲಾಗದಿದ್ದರೆ ವಿಡಿಯೊ ನೆರವಾಗುತ್ತದೆ. ಫೋನನ್ನು ತರಗತಿಯ ಹಿಂದೆ ಸ್ಟ್ಯಾಂಡಿನ ಮೇಲಿಡಿ, ವಿದ್ಯಾರ್ಥಿಗಳ ಒಪ್ಪಿಗೆ ಪಡೆಯಿರಿ. ಮೊದಲು ಅಧ್ಯಾಪಕರು ಒಬ್ಬರೇ ನೋಡಲಿ. ಮೊದಲ ಸಲ ನೋಡುವಾಗ ತಮ್ಮ ದನಿ, ನಿಲುವು, ಬಟ್ಟೆಯೇ ಕಾಣುತ್ತದೆ, ಪಾಠ ಕಾಣುವುದು ಎರಡನೇ ಸಲ. ಹತ್ತು ನಿಮಿಷದ ತುಣುಕನ್ನು ಅವರೇ ಆರಿಸಿ ಕೋಚ್ ಜೊತೆ ನೋಡಲಿ, ಆಮೇಲೆ ಅಳಿಸಿಹಾಕಲಿ.

6. ಮಧ್ಯಾವಧಿಯಲ್ಲಿ ವಿದ್ಯಾರ್ಥಿಗಳನ್ನು ಕೇಳುವುದು

ಸೆಮಿಸ್ಟರ್ ಮುಗಿದ ಮೇಲೆ ಬರುವ ಅಭಿಪ್ರಾಯ ಆ ವಿದ್ಯಾರ್ಥಿಗಳಿಗೆ ಉಪಯೋಗವಿಲ್ಲ. ಐದರಿಂದ ಏಳನೇ ವಾರದೊಳಗೆ ಕೇಳಿ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 1970ರ ದಶಕದ ಕೊನೆಯ ಹೊತ್ತಿಗೆ ರೂಪುಗೊಂಡ ಸಣ್ಣ ಗುಂಪುಗಳ ವಿಧಾನ ಇದಕ್ಕೆ ಇಂದಿಗೂ ಒಳ್ಳೆಯ ಸಾಧನ.

ಪಿರಿಯಡ್‌ನ ಕೊನೆಯ 25 ನಿಮಿಷ ಅಧ್ಯಾಪಕರು ಹೊರಗೆ ಹೋಗುತ್ತಾರೆ, ಕೋಚ್ ಒಳಗೆ ಬರುತ್ತಾರೆ. ನಾಲ್ಕೈದು ಮಂದಿಯ ಗುಂಪು ಮಾಡಿ ಮೂರು ಪ್ರಶ್ನೆ ಕೊಡಿ: ಈ ವಿಷಯದಲ್ಲಿ ನಿಮ್ಮ ಕಲಿಕೆಗೆ ನೆರವಾಗುತ್ತಿರುವುದು ಏನು, ಅಡ್ಡಿಯಾಗುತ್ತಿರುವುದು ಏನು, ಅದನ್ನು ಹೇಗೆ ಬದಲಿಸಬಹುದು. 8 ನಿಮಿಷ ಗುಂಪಿನಲ್ಲಿ ಬರೆಯಲಿ. ಉಳಿದ ಸಮಯದಲ್ಲಿ ಒಂದೊಂದೇ ಮಾತನ್ನು ಬೋರ್ಡಿಗೆ ಹಾಕಿ, 'ವೇಗ ಜಾಸ್ತಿ' ಎಂದರೆ ಬರೆದುಕೊಳ್ಳಲು ಆಗದಷ್ಟೇ, ಯೋಚಿಸಲು ಆಗದಷ್ಟೇ ಎಂದು ಕೆದಕಿ ಕೇಳಿ, ಕೈ ಎತ್ತಿಸಿ ಎಣಿಸಿಕೊಳ್ಳಿ. ಗಟ್ಟಿ ದನಿಯ ಇಬ್ಬರ ದೂರು ಇಡೀ ತರಗತಿಯ ದೂರಾಗಿ ಬರೆಯಲ್ಪಡದಂತೆ ಈ ಎಣಿಕೆ ಕಾಪಾಡುತ್ತದೆ.

ಅಧ್ಯಾಪಕರ ರೂಪ, ಉಚ್ಚಾರಣೆ, ಲಿಂಗ, ಮನೆತನದ ಬಗ್ಗೆ ಬಂದ ಮಾತನ್ನು ಬೋರ್ಡಿಗೂ ಹಾಕಬೇಡಿ, ವರದಿಗೂ ತರಬೇಡಿ. ಅಂಥ ಮಾತಿನ ಹಿಂದೆ ಕಲಿಕೆಯ ತೊಂದರೆ ಇದ್ದರೆ, ಉದಾಹರಣೆಗೆ ಹಿಂದಿನ ಬೆಂಚಿಗೆ ದನಿ ಕೇಳಿಸದಿದ್ದರೆ, ಅದನ್ನಷ್ಟೇ ಬರೆದುಕೊಳ್ಳಿ.

ಎರಡು ಮೂರು ದಿನದೊಳಗೆ ಅಧ್ಯಾಪಕರ ಜೊತೆ ಕೂತು ಫಲಿತಾಂಶ ನೋಡಿ. ಮುಂದಿನ ಪಿರಿಯಡ್‌ನಲ್ಲೇ ಅವರು ತರಗತಿಗೆ ಉತ್ತರ ಹೇಳಬೇಕು: ಈ ಎರಡನ್ನು ಬದಲಿಸುತ್ತೇನೆ, ಈ ಒಂದನ್ನು ಬದಲಿಸಲಾಗದು, ಕಾರಣ ಇದು. ಐದು ನಿಮಿಷ ಸಾಕು. ಈ ಉತ್ತರ ಕೊಡಲು ಅಧ್ಯಾಪಕರಿಗೆ ಮನಸ್ಸಿಲ್ಲದಿದ್ದರೆ ಅಭಿಪ್ರಾಯ ಕೇಳುವ ಕೆಲಸವನ್ನೇ ಮಾಡಬೇಡಿ. ಕೇಳಿ ಸುಮ್ಮನಾದರೆ ವಿದ್ಯಾರ್ಥಿಗಳು ಮುಂದೆ ಯಾವ ಪ್ರಶ್ನೆಗೂ ಮನಸ್ಸು ಬಿಚ್ಚಿ ಉತ್ತರಿಸುವುದಿಲ್ಲ.

7. ಹೊಸಬರು, ಅರೆಕಾಲಿಕರು, ಹಿರಿಯರು

ಹೊಸ ಅಧ್ಯಾಪಕರಿಗೆ ಮೊದಲ ತಿಂಗಳಲ್ಲಿ ಬೋಧನಾ ಸಿದ್ಧಾಂತ ಬೇಡ. ವಾರವಾರಕ್ಕೆ ಹಂಚಿದ ಸಿಲಬಸ್, ಹಿಂದಿನ ಎರಡು ವರ್ಷದ ಪ್ರಶ್ನೆಪತ್ರಿಕೆ, ಅಂಕ ನಮೂದಿಸುವ ವಿಧಾನ, ಪ್ರೊಜೆಕ್ಟರ್ ಕೈಕೊಟ್ಟರೆ ಯಾರನ್ನು ಕರೆಯಬೇಕು, ಇಷ್ಟು ಕೊಡಿ. ವಿಭಾಗ ಮುಖ್ಯಸ್ಥರಲ್ಲದ ಒಬ್ಬ ಜೊತೆಗಾರರನ್ನು ಗೊತ್ತುಮಾಡಿ. ಅವರ ಪಾಠಕ್ಕೆ ಹೊಸಬರು ಹೋಗಿ ಕೂರುವುದು ಮೊದಲು, ಹೊಸಬರ ಪಾಠಕ್ಕೆ ಅವರು ಬರುವುದು ಆಮೇಲೆ.

ಅರೆಕಾಲಿಕ ಅಧ್ಯಾಪಕರನ್ನು ಕರೆಯುವುದಾದರೆ ಆ ಗಂಟೆಗಳಿಗೂ ಸಂಭಾವನೆ ಕೊಡಿ. ಕೊಡಲಾಗದಿದ್ದರೆ ಕಡ್ಡಾಯ ಮಾಡಬೇಡಿ. ಕಾಲೇಜಿಂದ ಕಾಲೇಜಿಗೆ ಓಡುವವರ ಸಮಯ ಅವರ ಅನ್ನ.

ಹಿರಿಯರ ವಿಷಯದಲ್ಲಿ ದಾರಿ ಬೇರೆ. ಇಪ್ಪತ್ತೈದು ವರ್ಷ ಪಾಠ ಮಾಡಿದವರ ಮುಂದೆ ಹೋಗಿ ಸುಧಾರಣೆಯ ಮಾತಾಡಿದರೆ ಅವರು ಬಾಗಿಲು ಹಾಕಿಕೊಳ್ಳುತ್ತಾರೆ, ಅದು ಸಹಜ. "ಸರ್, ನಿಮ್ಮ ಆ ಘಟಕದ ಪಾಠ ನೋಡೋಕೆ ನಾಲ್ಕು ಜನ ಕಿರಿಯರು ಬರಬಹುದಾ?" ಎಂದು ಕೇಳಿ. ನೋಡಲು ಬಂದವರಿಗೂ ಅದೇ ಮೂರು ಕಾಲಂನ ಹಾಳೆ ಕೊಡಿ. ಪಾಠದ ನಂತರದ ಚರ್ಚೆಯಲ್ಲಿ ಹಿರಿಯರೇ ಆ ಹಾಳೆಯನ್ನು ತೆಗೆದುಕೊಂಡು ಓದುವುದುಂಟು.

ಕೋಚ್ ಎಲ್ಲರನ್ನೂ ತಲುಪಲಾರರು. ಉಳಿದವರಿಗೆ 6ರಿಂದ 8 ಮಂದಿಯ ಕಲಿಕಾ ಗುಂಪು ಮಾಡಿ, ಮೂರು ವಾರಕ್ಕೊಮ್ಮೆ 75 ನಿಮಿಷ. ಪ್ರತಿ ಸಲ ಒಬ್ಬರು ತಮ್ಮ ವಿದ್ಯಾರ್ಥಿಗಳ ನಾಲ್ಕೈದು ಉತ್ತರಪತ್ರಿಕೆಗಳನ್ನು ಹೆಸರು ಮುಚ್ಚಿ ತರಬೇಕು. ಮೇಜಿನ ಮೇಲೆ ವಿದ್ಯಾರ್ಥಿಗಳ ಬರಹವಿಲ್ಲದಿದ್ದರೆ ಸಭೆ ಹತ್ತೇ ನಿಮಿಷದಲ್ಲಿ ಆಡಳಿತದ ದೂರುಗಳ ಕಡೆ ಹೊರಳುತ್ತದೆ.

8. ಉಪಯೋಗವಾಯಿತೇ ಎಂದು ಅಳೆಯುವುದು

ಹಾಜರಾತಿಯೂ 'ಕಾರ್ಯಾಗಾರ ಇಷ್ಟವಾಯಿತೇ' ಎಂಬ ಅಂಕವೂ ಪಾಠ ಬದಲಾಯಿತೇ ಎಂಬುದನ್ನು ಹೇಳುವುದಿಲ್ಲ. ವಿದ್ಯಾರ್ಥಿಗಳು ಅಧ್ಯಾಪಕರಿಗೆ ಕೊಡುವ ರೇಟಿಂಗ್ ಕೂಡ ಇದಕ್ಕೆ ಸಲ್ಲದು. ಒಂದೇ ವಿಷಯವನ್ನು ಹಲವರು ಬೋಧಿಸಿದ ತರಗತಿಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ, 2017ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದು ರೇಟಿಂಗ್‌ಗೂ ಕಲಿಕೆಗೂ ಗಣನೀಯ ಸಂಬಂಧ ಕಾಣಲಿಲ್ಲ.

ಅಳೆಯಲು ಎರಡು ಸಾಧನ ಸಾಕು. ಒಂದು, ಮೊದಲ ಮತ್ತು ಕೊನೆಯ ವೀಕ್ಷಣಾ ಹಾಳೆಗಳ ಹೋಲಿಕೆ: ಉತ್ತರಿಸಿದವರು ಎಷ್ಟು ಮಂದಿ, ವಿದ್ಯಾರ್ಥಿಗಳು ಬರೆಯುತ್ತ ಅಥವಾ ಚರ್ಚಿಸುತ್ತ ಕಳೆದ ನಿಮಿಷ ಎಷ್ಟು. ಇನ್ನೊಂದು, ಮೂರನೇ ಹಂತದಲ್ಲಿ ಗುರುತಿಸಿದ ಅದೇ ಪ್ರಶ್ನೆಯನ್ನು, ಸಂಖ್ಯೆ ಮಾತ್ರ ಬದಲಿಸಿ, ಈ ವರ್ಷವೂ ಪರೀಕ್ಷೆಯಲ್ಲಿ ಕೊಡುವುದು. ಎರಡೂ ವರ್ಷದ ಇಪ್ಪತ್ತಿಪ್ಪತ್ತು ಉತ್ತರಗಳನ್ನು ಬೆರೆಸಿ, ಯಾವ ವರ್ಷದ್ದೆಂದು ತಿಳಿಯದಂತೆ ಬೇರೊಬ್ಬರು ಅಂಕ ಹಾಕಲಿ. ಕಾಲೇಜಿನ ಒಟ್ಟು ಫಲಿತಾಂಶ ಏರಿದರೆ ಅದನ್ನು ನಿಮ್ಮ ಯೋಜನೆಯ ಲೆಕ್ಕಕ್ಕೆ ಸೇರಿಸಿಕೊಳ್ಳಬೇಡಿ. ಪ್ರಶ್ನೆಪತ್ರಿಕೆ ಸುಲಭವಾದರೂ, ಪ್ರವೇಶ ಪಡೆದವರ ಗುಂಪು ಬದಲಾದರೂ ಅದು ಏರುತ್ತದೆ, ಮುಂದಿನ ವರ್ಷ ಇಳಿದಾಗ ಆ ಹೊಣೆಯೂ ನಿಮ್ಮ ಮೇಲೆಯೇ ಬರುತ್ತದೆ.

ವರ್ಷದ ಕೊನೆಯಲ್ಲಿ ಆಡಳಿತಕ್ಕೆ ಒಂದು ಪುಟದ ವರದಿ ಕೊಡಿ: ಎಷ್ಟು ಮಂದಿ ಎರಡೂ ಸುತ್ತು ಮುಗಿಸಿದರು, ಎಷ್ಟು ಗಂಟೆ ಹಿಡಿಯಿತು, ಎಷ್ಟು ಭೇಟಿ ರದ್ದಾದವು, ಯಾವ ಕಾರಣಕ್ಕೆ, ಮುಂದಿನ ವರ್ಷ ಟೈಮ್‌ಟೇಬಲ್‌ನಲ್ಲಿ ಏನು ಬದಲಾಗಬೇಕು. ವಿಭಾಗವಾರು ಅಂಕಿ ಕೇಳಿದರೆ, ಐದಕ್ಕಿಂತ ಕಡಿಮೆ ಮಂದಿ ಭಾಗವಹಿಸಿದ ವಿಭಾಗದ ಸಾಲನ್ನು 'ಇತರೆ' ಎಂಬುದರೊಳಗೆ ಸೇರಿಸಿ. ಎರಡು ಮಂದಿಯ ವಿಭಾಗದಲ್ಲಿ ಅಂಕಿ ಕೊಟ್ಟರೂ ಹೆಸರು ಕೊಟ್ಟರೂ ಒಂದೇ. ವರದಿ ಕೊಟ್ಟ ವಾರವೇ ಕೋಚ್‌ಗಳ ಬಳಿ ಉಳಿದಿರುವ ಟಿಪ್ಪಣಿಗಳನ್ನೆಲ್ಲ ಆಯಾ ಅಧ್ಯಾಪಕರಿಗೆ ಮರಳಿಸಿ, ಕಂಪ್ಯೂಟರಿನಲ್ಲಿರುವ ಪ್ರತಿಗಳನ್ನು ಅಳಿಸಿ, ಹಾಗೆ ಮಾಡಿದ್ದೇವೆಂದು ಅವರಿಗೆ ಬರವಣಿಗೆಯಲ್ಲಿ ತಿಳಿಸಿ.